ಎಲ್ಲಾ ಗ್ರೀನ್ ಇತ್ತು, ಪೇಷಂಟ್ ಮಾತ್ರ ಸಿಗಲಿಲ್ಲ

ರಾತ್ರಿ ಎರಡೂವರೆಗೆ ಕಾಲ್‌ನಲ್ಲಿ "ಅಪ್‌ಗ್ರೇಡ್ ಮುಗೀತು, ಎಲ್ಲಾ ಗ್ರೀನ್" ಅಂದು ಲ್ಯಾಪ್‌ಟಾಪ್ ಮುಚ್ಚಿದೆ. ಆ ನೆಮ್ಮದಿ ಬೆಳಗಾಗುವವರೆಗೂ ಉಳಿಯಲಿಲ್ಲ.

ನಾನು ಡೇಟಾಬೇಸ್ ನೋಡಿಕೊಳ್ಳುವವಳು. ಅವತ್ತಿನ ಕೆಲಸ ಒಂದು ಆಸ್ಪತ್ರೆಯ ರೋಗಿಗಳ ದಾಖಲೆಯದು. ಮೂರು ಸರ್ವರ್‌ಗಳ ಪೋಸ್ಟ್‌ಗ್ರೆಸ್ ಕ್ಲಸ್ಟರ್: ಒಂದು ಮುಖ್ಯ, ಇನ್ನೆರಡು ಅದರ ನಕಲು. ಒಂದು ಕೈಕೊಟ್ಟರೆ ಇನ್ನೊಂದು ಕೆಲಸ ವಹಿಸಿಕೊಳ್ಳುತ್ತದೆ. ಸೆಂಟ್‌ಓಎಸ್ 7ರ ಸಪೋರ್ಟ್ 2024ರ ಜೂನ್ 30ಕ್ಕೆ ನಿಂತಿದ್ದರಿಂದ ಹೊಸ ಲಿನಕ್ಸ್‌ಗೆ ಹೋಗಲೇಬೇಕಿತ್ತು. ಸರ್ವರ್‌ಗಳನ್ನು ಒಂದೊಂದಾಗಿ ಬದಲಿಸಿ, ಕೊನೆಗೆ ಹೊಸದನ್ನೇ ಮುಖ್ಯ ಮಾಡಿದೆವು. ಸಾಲುಗಳ ಲೆಕ್ಕವೂ ತಾಳೆಯಾಯಿತು.

ನಾಲ್ಕು ಗಂಟೆಗೆ ರಿಜಿಸ್ಟ್ರೇಷನ್ ಕೌಂಟರ್‌ನಿಂದ ಫೋನ್. "ಮೇಡಂ, ಹಳೇ ಪೇಷಂಟ್, ಕಾರ್ಡ್ ಕೈಯಲ್ಲೇ ಇದೆ. ನಂಬರ್ ಹಾಕಿದ್ರೆ ಇಲ್ಲ ಅಂತಿದೆ. ಹೊಸ ಫೈಲ್ ಮಾಡಿಬಿಟ್ಟೆ."

ಟೈಪ್ ಮಾಡುವಾಗ ತಪ್ಪಿರಬೇಕು ಅಂದುಕೊಂಡೆ. ನಾನೇ ಹುಡುಕಿದರೂ ಇಲ್ಲ. ಇಂಡೆಕ್ಸ್ ಬಳಸದೆ ಇಡೀ ಟೇಬಲ್ ಜಾಲಾಡಿಸಿದೆ. ರೋಗಿ ಅಲ್ಲೇ ಇದ್ದರು. ಹಳೇ ಫೈಲ್‌ನಲ್ಲಿ 'ಪೆನಿಸಿಲಿನ್ ಅಲರ್ಜಿ' ಅಂತ ಬರೆದಿತ್ತು. ಹೊಸ ಫೈಲ್‌ನಲ್ಲಿ ಆ ಜಾಗ ಖಾಲಿ. ನನ್ನ ಕೈ ತಣ್ಣಗಾಯಿತು.

ಅಕ್ಷರಗಳ ಕ್ರಮಕ್ಕೆ ನಮ್ಮ ಪೋಸ್ಟ್‌ಗ್ರೆಸ್ ಲಿನಕ್ಸ್‌ನ ಜಿಲಿಬ್‌ಸಿ ಲೈಬ್ರರಿಯನ್ನು ನಂಬಿಕೊಂಡಿತ್ತು. 2018ರಲ್ಲಿ ಬಂದ ಅದರ 2.28 ಆವೃತ್ತಿಯಲ್ಲಿ ಈ ಕ್ರಮವೇ ಬದಲಾಗಿದೆ. ಹಳೆಯದರಲ್ಲಿ '11' ಮೊದಲು, '1-1' ಆಮೇಲೆ. ಹೊಸದರಲ್ಲಿ ಉಲ್ಟಾ. ನಮ್ಮ ರೋಗಿಗಳ ನಂಬರ್‌ನಲ್ಲೂ ಅಡ್ಡಗೆರೆ ಇತ್ತು! ನಕಲು ಸರ್ವರ್‌ಗೆ ಇಂಡೆಕ್ಸ್ ಇದ್ದದ್ದು ಇದ್ದ ಹಾಗೇ ಹೋಗುತ್ತದೆ. ಹಾಗಾಗಿ ಹಳೇ ಕ್ರಮದ ಇಂಡೆಕ್ಸನ್ನು ಹೊಸ ಸರ್ವರ್ ಹೊಸ ಕ್ರಮದಲ್ಲಿ ಹುಡುಕುತ್ತಿತ್ತು. ಮೂರು ಕಾಪಿ ಇದ್ದೂ ಪ್ರಯೋಜನವಿಲ್ಲ, ಮೂರರಲ್ಲೂ ಅದೇ ಇಂಡೆಕ್ಸ್. ಪೋಸ್ಟ್‌ಗ್ರೆಸ್ ವಿಕಿಯಲ್ಲಿ ಈ ಎಚ್ಚರಿಕೆ ಇದೆ. ನಾನು ಓದಿರಲಿಲ್ಲ.

ಯಾರಿಗೂ ಹೇಳದೆ ಇಂಡೆಕ್ಸ್ ಮತ್ತೆ ಕಟ್ಟಿಬಿಡಲೇ ಅನ್ನಿಸಿದ್ದು ನಿಜ. ಆದರೆ ಆ ಖಾಲಿ ಫೈಲ್‌ಗಳು ಹಾಗೇ ಉಳಿಯುತ್ತಿದ್ದವು. ಮ್ಯಾನೇಜರ್‌ಗೆ ಫೋನ್ ಮಾಡಿ, "ತಪ್ಪು ನನ್ನದು ಸರ್, ಮೊದಲು ಕೌಂಟರ್‌ನವರಿಗೆ ಹೇಳೋಣ" ಅಂದೆ. ಅಲ್ಲಿ ಕಾಗದದಲ್ಲಿ ಬರೆಯಲು ಶುರು ಮಾಡಿದರು, ಪ್ರತಿಯೊಬ್ಬರನ್ನೂ ಅಲರ್ಜಿ ಇದೆಯಾ ಅಂತ ಕೇಳಿದರು. ನಾನು ರೀಇಂಡೆಕ್ಸ್ ಓಡಿಸಿದೆ. ಆಮೇಲೆ ರಾತ್ರಿ ತೆರೆದ ಹೊಸ ಫೈಲ್‌ಗಳನ್ನೆಲ್ಲ ಕೂತು ಹಳೆಯದರ ಜೊತೆ ಸೇರಿಸಿದೆವು. ಯಾರಿಗೂ ತೊಂದರೆಯಾಗಿರಲಿಲ್ಲ.

ಬೆಳಿಗ್ಗೆ ಅಮ್ಮ ಉಪ್ಪಿಟ್ಟಿನ ತಟ್ಟೆ ಇಡುತ್ತಾ, "ಏನಾಯ್ತೇ, ರಾತ್ರಿಯೆಲ್ಲ ಸಾರಿ ಸಾರಿ ಅಂತಿದ್ದೆ?" ಅಂದಳು. ಅಮ್ಮ ರಿಟೈರ್ಡ್ ಟೀಚರ್.

"ಹಾಜರಿ ಪುಸ್ತಕದಲ್ಲಿ ಕ್ಷಮಾ ಅನ್ನೋ ಹೆಸರು 'ಕ' ಹತ್ರ ಬರೀತಿದ್ಯಾ, ಕೊನೇಲಾ?"

"'ಕ' ಹತ್ರ. ಗೋಡೆ ಚಾರ್ಟ್‌ನಲ್ಲಿ ಮಾತ್ರ 'ಕ್ಷ' ಕೊನೇಲಿರುತ್ತೆ."

"ಅಷ್ಟೇ ಅಮ್ಮ. ಪುಸ್ತಕ ಬರೆದದ್ದು ನೀನು. ಹೊಸ ಟೀಚರ್ ಕೊನೇ ಪುಟ ನೋಡಿ, ಕ್ಷಮಾ ಅನ್ನೋಳೇ ಇಲ್ಲ ಅಂದ್ರು."

"ಅಯ್ಯೋ, ಹುಡುಗಿ ಎದುರಿಗೇ ಕೂತಿದ್ಳಲ್ಲೇ!"

ಈಗ ನನ್ನ ಚೆಕ್‌ಲಿಸ್ಟ್‌ನ ಮೊದಲ ಸಾಲು: ಗ್ರೀನ್ ನೋಡಿ ಮಲಗಬೇಡ, ಗೊತ್ತಿರುವ ಹತ್ತು ನಂಬರ್ ಹಾಕಿ ಹುಡುಕಿ ನೋಡು.