ರುಜು ಮಾತ್ರ ಬ್ಯಾಡ

ಮಾನವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಲು ಏನೇನು ಬೇಕು ಎಂದು ಕಿರಿಯರು ಕೇಳುತ್ತಾರೆ. ಸ್ನಾತಕೋತ್ತರ ಪದವಿ, ನೆಟ್ ಇಲ್ಲವೇ ಪ್ರವೇಶ ಪರೀಕ್ಷೆ, ಸಂಶೋಧನಾ ಪ್ರಸ್ತಾವ. ಜೆಆರ್‌ಎಫ್ ಸಿಕ್ಕರೆ ಪುಣ್ಯ. ವಿಭಾಗಗಳು ಧಾರವಾಡ, ಮೈಸೂರುಗಳಲ್ಲಿವೆ.

ನಮ್ಮ ಸಂಪಿಗೆಯಲ್ಲಿ ಇಷ್ಟು ಸಾಲದು. ಅಟ್ಟದಲ್ಲಿ ವರ್ಷದಷ್ಟು ಕಾಲ ಒಣಗಿ ಉಂಡೆಯಾಗುವ ಕೊಬ್ಬರಿಯ ಲೆಕ್ಕ ಕೇಳಿದರೆ ಮನೆಯ ಸಾಲ, ಮಗಳ ಮದುವೆ ಎಲ್ಲ ಕೇಳಿದಂತೆ. ಸಮ್ಮತಿಪತ್ರ ನೋಡಿ ನೆರೆಮನೆಯ ಅಜ್ಜಿ, "ಮಾತು ಎಷ್ಟಾದ್ರೂ ಕೇಳಪ್ಪ, ರುಜು ಮಾತ್ರ ಬ್ಯಾಡ" ಎಂದರು. ರುಜು ಎಂದರೆ ಅವರಿಗೆ ಸಾಲ, ಇಲ್ಲವೇ ಆಸ್ತಿ ಪಾಲು. ಬಾಯಿಮಾತಿನ ಒಪ್ಪಿಗೆಯನ್ನೇ ದಾಖಲಿಸಿಕೊಂಡೆ.

ಎಂ.ಎನ್. ಶ್ರೀನಿವಾಸ್ ತಾವು 1948ರಲ್ಲಿ ಅಧ್ಯಯನ ಮಾಡಿದ ಹಳ್ಳಿಯನ್ನು ರಾಂಪುರ ಎಂದು ಕರೆದರು. ನಾನೂ ಅಜ್ಜಿಯ ಹೆಸರು ಬದಲಿಸಬಲ್ಲೆ. ಅಟ್ಟದ ವಿಷಯ ಓದಿದರೆ ಸಾಕು, ಯಾರ ಮನೆಯೆಂದು ಊರವರು ಹೇಳಿಬಿಡುತ್ತಾರೆ. ಆ ಪುಟಗಳನ್ನು ಮಾರ್ಗದರ್ಶಕರಿಗಿಂತ ಮೊದಲು ಅವರಿಗೇ ಓದಿ ಹೇಳಬೇಕೆಂದಿದ್ದೇನೆ.