ಢಮ್ ಎಂದ ರಾತ್ರಿ

ಬಿಸಿಲೆ ಎಂದು ಹೆಸರಿಟ್ಟವರು ಮಳೆಗಾಲದಲ್ಲಿ ಈ ಕಡೆ ಬಂದಿರಲಿಕ್ಕಿಲ್ಲ. ಇಲ್ಲಿ ಬಿಸಿಲು ನೆಚ್ಚಿ ಕೆಲಸ ಹಿಡಿಯುವುದೇನಿದ್ದರೂ ಡಿಸೆಂಬರಿನಲ್ಲಿ. ಆ ವರ್ಷವೂ ಕಣದ ತುಂಬ ಕಾಫಿ ಹರಡಿತ್ತು, ಅಡುಗೆಮನೆ ಮೂಲೆಯಲ್ಲಿ ದೊಡ್ಡಮ್ಮನ ಭರಣಿ ಗುಳುಗುಳು ಎನ್ನುತ್ತಿತ್ತು.

ವೈನು ದೊಡ್ಡಮ್ಮ, ದೊಡ್ಡಪ್ಪ ಇಬ್ಬರ ವರ್ಷಾವಧಿ ವ್ರತ. ಸಕಲೇಶಪುರದಿಂದ ದೊಡ್ಡಪ್ಪ ಬೆಂಗಳೂರು ಬ್ಲೂ ದ್ರಾಕ್ಷಿ ತರಬೇಕು. ದೊಡ್ಡಮ್ಮ ತೊಳೆದು, ಒರೆಸಿ, ಕೈಯಲ್ಲೇ ಹಿಸುಕಿ, ಸಕ್ಕರೆ, ಈಸ್ಟ್, ಹಿಡಿ ಗೋಧಿ, ನಾಲ್ಕು ಲವಂಗ ಹಾಕಿ ಬಾಯಿಗೆ ಬಟ್ಟೆ ಕಟ್ಟಬೇಕು. ದಿನಾ ಮರದ ಸೌಟಿನಲ್ಲಿ ತಿರುವಿ, ಮೇಲೆ ತೇಲುವ ಸಿಪ್ಪೆಯನ್ನು ರಸಕ್ಕಿಳಿಸಬೇಕು. ಕೆಂಪೆಲ್ಲ ಆ ಸಿಪ್ಪೆಯದೇ. ಇಪ್ಪತ್ತೊಂದು ದಿನ ತುಂಬದೆ ಸೋಸುವಂತಿಲ್ಲ.

ಹನ್ನೆರಡನೆಯ ದಿನ ನಾನು ಮರುಬೆಳಗ್ಗೆ ಹೊರಡುವವನಿದ್ದೆ. "ಹುಡುಗ ಬರಿಗೈಲಿ ಹೋಗ್ತಾನಲ್ಲೇ" ಎಂದ ದೊಡ್ಡಪ್ಪ, ಹೆಂಡತಿ ಬೇಡವೆಂದರೂ ಕೇಳದೆ, ಮೂರು ಬಾಟಲಿಗೆ ಸೋಸಿ ಬಿರಡೆ ಜಡಿದು ಒಲೆ ಪಕ್ಕದ ಗೂಡಿನಲ್ಲಿಟ್ಟರು.

ನಡುರಾತ್ರಿ ಢಮ್!

ಈ ಕಡೆ ರಾತ್ರಿ ಸದ್ದಾದರೆ ಮೊದಲು ನೆನಪಾಗುವುದು ಆನೆ. ಪಕ್ಕದ ತೋಟದವರು ಪಟಾಕಿ ಸಿಡಿಸಿದರೆಂದು ದೊಡ್ಡಪ್ಪ ಟಾರ್ಚು ಹಿಡಿದು ಜಗಲಿಗೆ ಓಡಿದರು. ಇನ್ನೊಂದು ಢಮ್. ಈ ಸಲ ಬೆನ್ನ ಹಿಂದಿನಿಂದ! ತಿರುಗಿ ನೋಡಿದರೆ ಅಡುಗೆಮನೆ ಹೊಸ್ತಿಲು ದಾಟಿ ಕೆಂಪು ನೀರು ಬರುತ್ತಿದೆ. ಈಸ್ಟು ಇನ್ನೂ ಸಕ್ಕರೆ ತಿಂದು ಗಾಳಿ ಬಿಡುತ್ತಿರುವಾಗ ಬಿರಡೆ ಜಡಿದರೆ ಆ ಗಾಳಿ ಹೋಗುವುದೆಲ್ಲಿಗೆ?

ನಿದ್ದೆ ಹಾರಿತು. ಬಚ್ಚಲ ಒಲೆಗೆ ಕಾಫಿ ಬೊಡ್ಡೆ ತುರುಕಿ ಮೂವರೂ ಕೂತೆವು. ಇಬ್ಬರ ವಾಗ್ವಾದ ತಣಿಸಲು ನಾನು ಮಿಶೆಲ್ ಮತ್ತು ಡಾನಿ ರೋಲಾಂ ಕಥೆ ತೆಗೆದೆ. ಫ್ರಾನ್ಸಿನ ಬೋರ್ದೋ ಸೀಮೆಯ ಗಂಡ ಹೆಂಡತಿ, ಇಬ್ಬರೂ ವೈನಿನ ವಿದ್ಯೆಯನ್ನೇ ಓದಿದವರು. 1973ರಲ್ಲಿ ಲಿಬೂರ್ನ್ ಊರಿನ ವೈನು ಪ್ರಯೋಗಾಲಯಕ್ಕೆ ಕೈಹಾಕಿದರು. ಪೊಮೆರೋಲ್‌ನಲ್ಲಿ ಮನೆತನದ ಮೆರ್ಲೋ ದ್ರಾಕ್ಷಿ ತೋಟವಿತ್ತು. ಆಮೇಲೆ ಅರ್ಜೆಂಟೀನಾದ ಆಂಡೀಸ್ ತಪ್ಪಲಿನಲ್ಲಿ ಮಾಲ್ಬೆಕ್ ದ್ರಾಕ್ಷಿ. ಮಿಶೆಲ್ ನಮ್ಮ ನಂದಿ ಬೆಟ್ಟದ ಬುಡದ ಗ್ರೋವರ್ ತೋಟಕ್ಕೂ ಸಲಹೆಗಾರರಾಗಿದ್ದರು.

"ಫ್ರಾನ್ಸಲ್ಲಿ ಕೊಯ್ಲು ಸೆಪ್ಟೆಂಬರ್, ಅಕ್ಟೋಬರಿಗೆ. ಅರ್ಜೆಂಟೀನಾದಲ್ಲಿ ಮಾರ್ಚ್, ಏಪ್ರಿಲಿಗೆ. ವರ್ಷಕ್ಕೆ ಎರಡು ಸುಗ್ಗಿ, ದೊಡ್ಡಪ್ಪ."

"ನಂದೀಲಿ ಆಗೋದು ಇಲ್ಲಿ ಯಾಕಾಗಲ್ಲ?" ಎಂದವರು, ತಾವೇ ಉತ್ತರವನ್ನೂ ಕೊಟ್ಟರು: "ಮಂಕನಹಳ್ಳಿ ಕಲ್ಲಿನ ಹತ್ರ ಬಿದ್ದ ಮಳೆ ಈ ಕಡೆಗಾದ್ರೆ ಅರಬ್ಬಿ ಸಮುದ್ರ, ಆ ಕಡೆಗಾದ್ರೆ ಬಂಗಾಳಕೊಲ್ಲಿ. ಎರಡು ಸಮುದ್ರಕ್ಕೆ ನೀರು ಕಳಿಸೋ ಊರಲ್ಲಿ ದ್ರಾಕ್ಷಿ ಗೊನೆ ಕೊಳೀದೆ ಇರುತ್ತಾ!"

ದೊಡ್ಡಮ್ಮ ಕೊಳ್ಳಿ ಮುಂದಕ್ಕೆ ತಳ್ಳಿದರು. "ವರ್ಷಕ್ಕೆ ಎರಡು ಸುಗ್ಗಿ ಅಂದ್ರೆ ಗಂಡನ ಅವಸರಾನೂ ಎರಡು ಸಲ. ಪಾಪ, ಆ ಹೆಂಗಸು."

ದೊಡ್ಡಪ್ಪ ಮಾತಾಡಲಿಲ್ಲ. ಎದ್ದು ಹೋಗಿ, ಸಿಡಿಯದೆ ಉಳಿದಿದ್ದ ಮೂರನೆಯ ಬಾಟಲಿಗೆ ಗೋಣಿಚೀಲ ಸುತ್ತಿ, ಮುಖ ಆಚೆ ತಿರುಗಿಸಿ ಬಿರಡೆ ಸಡಿಲಿಸಿದರು. ಉಸ್ ಎಂದಿತು. ಅಷ್ಟನ್ನೂ ಭರಣಿಗೇ ಸುರಿದು ಬಟ್ಟೆ ಕಟ್ಟಿದರು.

ಬೆಳಗ್ಗೆ ನಾನು ಬರಿಗೈಲೇ ಬಸ್ಸು ಹತ್ತಿದೆ.