ಅವಳನ್ನೇ ಕೇಳಬೇಕಿತ್ತು

ಸಂಕ್ರಾಂತಿಯ ದಿನಗಳಲ್ಲಿ ನಮ್ಮ ವಿಜಯಪುರದ ಸಿದ್ಧೇಶ್ವರ ಗುಡಿಯ ಸುತ್ತಲಿನ ಬೀದಿಗಳಲ್ಲಿ ನಡೆದುಹೋಗುವುದೇ ಒಂದು ಸಾಹಸ. ಜಾತ್ರೆಗೆ ಬಂದ ಹಳ್ಳಿಯ ಜನ, ಬೆಂಡು ಬತ್ತಾಸಿನ ಅಂಗಡಿಗಳು, ಬಳೆಗಾರರ ಸಾಲು, ಮಕ್ಕಳ ಪೀಪಿಯ ಸದ್ದು. ಆ ಗದ್ದಲದಲ್ಲಿ ದಾರಿ ಮಾಡಿಕೊಂಡು ತಿಕೋಟಾ ಕಡೆಯ ಒಂದು ಕುಟುಂಬ ಒಂದು ಸಂಜೆ ನನ್ನನ್ನು ಕಾಣಲು ಬಂದಿತು. ತಂದೆಗೆ ಎರಡೆಕರೆ ದ್ರಾಕ್ಷಿ ತೋಟ, ಒಣದ್ರಾಕ್ಷಿ ಮಾಡುವ ಒಂದು ಶೆಡ್ಡು. ತಾಯಿ ಕುಸುರೆಳ್ಳಿನ ಪೊಟ್ಟಣವನ್ನು ನನ್ನ ಕೈಗಿತ್ತರು. ಅವರ ಹಿಂದೆ ಮಗಳು, ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದವಳು, ನೆಲ ನೋಡುತ್ತ ನಿಂತಿದ್ದಳು.

‘ಫಾದರ್, ಇಕಿಗೆ ನೀವರೆ ಒಂದ್ ಮಾತು ಹೇಳ್ರಿ’ ಎಂದು ತಂದೆ ಆರಂಭಿಸಿದರು. ‘ಪರದೇಶದಾಗ ಸರಕಾರದ ನೌಕರಿ ಮಾಡ್ತೀನಿ, ರಾಯಭಾರ ಕಚೇರಿಗೆ ಹೋಗ್ತೀನಿ ಅಂತಾಳ. ಅದಕ್ಕ ಬೆಂಗಳೂರಾಗ ಕುಂತು ಪರೀಕ್ಷಾಕ್ಕ ಓದಬೇಕಂತ. ಗಂಡಿನ ಕಡೆಯವರು ಬ್ಯಾಸಗಿಗೆ ಮುಹೂರ್ತ ಇಡೋಣು ಅಂತಾರ.’

‘ಹೆಣ್ಣ ಹುಡುಗಿ, ಗುರ್ತಿಲ್ಲದ ದೇಶದಾಗ ಒಬ್ಬಾಕೇ ಹ್ಯಾಂಗ ಇರ್ತಾಳ್ರಿ?’ ಎಂದು ತಾಯಿ ಸೇರಿಸಿದರು.

ಇಂತಹ ಸಂದರ್ಭಗಳಲ್ಲಿ ಧರ್ಮಗುರುವಿನಿಂದ ಜನರು ಏನನ್ನು ನಿರೀಕ್ಷಿಸುತ್ತಾರೆಂಬುದು ನನಗೆ ತಿಳಿಯದ ಸಂಗತಿಯಲ್ಲ. ತೀರ್ಮಾನ ಅವರ ಮನೆಯಲ್ಲೇ ಆಗಿರುತ್ತದೆ. ಅದನ್ನು ನಮ್ಮ ಬಾಯಿಂದ ಹೇಳಿಸಿದರೆ ಮಗಳು ಎದುರಾಡಲಾರಳು, ಅಷ್ಟೇ. ನಾನು ಆ ಮಾತನ್ನು ಹಿಂದೊಮ್ಮೆ ಹೇಳಿಯೂ ಬಿಟ್ಟಿದ್ದೇನೆ. ಇಪ್ಪತ್ತು ವರ್ಷಗಳಿಗೂ ಹಿಂದೆ, ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಇಂತಹದೇ ಒಬ್ಬ ಜಾಣ ಹುಡುಗಿಯನ್ನು ಅವಳ ತಂದೆತಾಯಿ ನನ್ನ ಮುಂದೆ ತಂದು ನಿಲ್ಲಿಸಿದ್ದರು. ಅವಳಿಗೂ ದೊಡ್ಡ ಪರೀಕ್ಷೆಗಳನ್ನು ಬರೆಯುವ ಹಂಬಲವಿತ್ತು. ನಾನು ಹೆಚ್ಚು ಯೋಚಿಸದೆ, ‘ಬಿ.ಎಡ್. ಮಾಡಮ್ಮ, ಊರ ಹತ್ತಿರವೇ ಶಾಲೆಯಲ್ಲಿ ಕೆಲಸ ಸಿಗುತ್ತದೆ, ತಂದೆತಾಯಿಗೂ ಆಸರೆಯಾಗುತ್ತೀ’ ಎಂದೆ. ಅವಳು ಹಾಗೆಯೇ ಮಾಡಿದಳು. ಕೆಲವು ವರ್ಷಗಳ ಹಿಂದೆ ಒಂದು ಶಾಲಾ ಸಮಾರಂಭದಲ್ಲಿ ಸಿಕ್ಕಾಗ ಆಕೆ ಮುಖ್ಯೋಪಾಧ್ಯಾಯಿನಿ. ಸಂಸಾರವೂ ಚೆನ್ನಾಗಿಯೇ ಇತ್ತು. ಹಳೆಯ ಮಾತು ಬಂದಾಗ ನಗುತ್ತಲೇ ಹೇಳಿದರು: ‘ನೀವು ಹೇಳಿದ್ದು ತಪ್ಪಾಯಿತೆಂದು ನಾನು ಅನ್ನುವುದಿಲ್ಲ ಫಾದರ್. ಆದರೆ ಅಂದು ನೀವು ನನ್ನನ್ನು ಏನೂ ಕೇಳಲಿಲ್ಲ.’

ನಿಜ. ಕೇಳಿರಲಿಲ್ಲ. ತಂದೆಯನ್ನು ಕೇಳಿದ್ದೆ, ತಾಯಿಯನ್ನು ಕೇಳಿದ್ದೆ, ಮನೆಯ ಆದಾಯವನ್ನೂ ಕೇಳಿದ್ದೆ.

ಆದುದರಿಂದ ಈ ಬಾರಿ ಹುಡುಗಿಯ ಕಡೆ ತಿರುಗಿ, ‘ನೀನು ಯಾಕೆ ಈ ಕೆಲಸಕ್ಕೆ ಹೋಗಬೇಕೆಂದಿದ್ದೀ?’ ಎಂದು ಕೇಳಿದೆ. ದೇಶದೇಶಗಳನ್ನು ಸುತ್ತುವ ಆಸೆಯೆಂದು ಉತ್ತರ ಬರಬಹುದೆಂದುಕೊಂಡಿದ್ದೆ.

ಅವಳು ಹೇಳಿದ್ದು ಬೇರೆಯೇ. ಅವಳ ಸೋದರಮಾವ ಕೊಲ್ಲಿ ರಾಷ್ಟ್ರವೊಂದರಲ್ಲಿ ಚಾಲಕನಾಗಿದ್ದ. ಅವಳು ಹೈಸ್ಕೂಲಿನಲ್ಲಿದ್ದಾಗ ಅವನು ಅಲ್ಲಿಯೇ ಹೃದಯಾಘಾತದಿಂದ ತೀರಿಕೊಂಡ. ಶವ ಊರಿಗೆ ಬರಲು ಹನ್ನೊಂದು ದಿನ ಹಿಡಿಯಿತು. ಆಸ್ಪತ್ರೆಯ ಮರಣಪತ್ರ, ಪೊಲೀಸರ ಕಾಗದ, ಮಾಲೀಕನ ಒಪ್ಪಿಗೆ, ರದ್ದಾದ ಪಾಸ್‌ಪೋರ್ಟ್, ವಿಮಾನ ಸಂಸ್ಥೆಯ ಕಾಗದ, ಒಂದಾದ ಮೇಲೊಂದು. ಆ ಹನ್ನೊಂದು ದಿನವೂ ಸಂಜೆ ಅಲ್ಲಿನ ನಮ್ಮ ರಾಯಭಾರ ಕಚೇರಿಯಿಂದ ಒಬ್ಬ ಅಧಿಕಾರಿಣಿ ಫೋನು ಮಾಡುತ್ತಿದ್ದರಂತೆ. ಆಕೆಗೆ ಕನ್ನಡ ಬಾರದು, ಅಜ್ಜಿಗೆ ಹಿಂದಿ ಬಾರದು. ನಡುವೆ ದುಭಾಷಿಯಾಗಿ ನಿಂತವಳು ಈ ಹುಡುಗಿ. ‘ಇವತ್ತ ಇಂಥಾ ಕಾಗದ ಆತು, ನಾಳೆ ಇಂಥಾದ್ದು ಆಗತದ, ಅಂತ ದಿನಾ ಹೇಳ್ತಿದ್ರು ಫಾದರ್. ಒಂದಿನ ಏನೂ ಆಗಿರಲಿಲ್ಲ. ಏನೂ ಆಗಿಲ್ಲ ಅಂತ ಹೇಳಾಕೂ ಫೋನ್ ಮಾಡಿದ್ರು. ಆ ದಿನ ಆಯಿ ಫೋನ್ ಇಸಗೊಂಡು ಕನ್ನಡದಾಗೇ ಮಾತಾಡಿ ಅತ್ತಳು. ಅವರು ಇಡೂತನಕ ಕೇಳಿದ್ರು, ನಡುವ ಫೋನ್ ಇಡಲಿಲ್ಲ.’

ತಾಯಿಯ ಕಣ್ಣು ತುಂಬಿತ್ತು. ತೀರಿಹೋದವನು ಆಕೆಯ ಒಡಹುಟ್ಟಿದವನು. ತಂದೆ ಮಗಳನ್ನು ದಿಟ್ಟಿಸಿ ನೋಡಿದರು. ‘ಇದನ್ನ ನಮಗ ಹೇಳೇ ಇಲ್ಲಲ್ಲವಾ’ ಎಂದರು. ‘ನೀವು ಕೇಳಲಿಲ್ಲಲ್ಲಪ್ಪಾ’ ಎಂದಳು. ಆ ಮಾತು ಇಬ್ಬರು ಗಂಡಸರಿಗೂ ಸಮನಾಗಿ ತಾಕಿತು.

ರಾಯಭಾರಿಯೆಂದರೆ ನಮ್ಮ ಕಲ್ಪನೆಯಲ್ಲಿ ರೇಷ್ಮೆಯ ಉಡುಪು, ಕಾರಿನ ಮುಂದೆ ಬಾವುಟ, ಔತಣಕೂಟ. ನನ್ನ ಕಲ್ಪನೆಯೂ ಅದೇ ಆಗಿತ್ತು. 2003ರಲ್ಲಿ ರೋಮ್ ನಗರದಲ್ಲಿ ಓದುತ್ತಿದ್ದಾಗ ಅದು ಬದಲಾಯಿತು. ರೈಲು ನಿಲ್ದಾಣದಿಂದ ವ್ಯಾಟಿಕನ್ ಕಡೆ ಹೋಗುವ 64ನೇ ನಂಬರಿನ ಬಸ್ಸು ಯಾತ್ರಿಕರಿಗೆ ಎಷ್ಟು ಪ್ರಿಯವೋ ಜೇಬುಗಳ್ಳರಿಗೂ ಅಷ್ಟೇ ಪ್ರಿಯ. ಅದರಲ್ಲಿ ನನ್ನ ಸಹಪಾಠಿ ಗುರುವೊಬ್ಬರ ಪಾಸ್‌ಪೋರ್ಟ್ ಕಳುವಾಯಿತು. ಪೊಲೀಸ್ ದೂರಿನ ಪ್ರತಿ ಹಿಡಿದು ಅವರೊಡನೆ ನಾನೂ ಭಾರತೀಯ ರಾಯಭಾರ ಕಚೇರಿಗೆ ಹೋದೆ. ಅಲ್ಲಿದ್ದವರು ಇಪ್ಪತ್ತೇಳು ಇಪ್ಪತ್ತೆಂಟರ ಒಬ್ಬ ತರುಣಿ. ನಮ್ಮ ಸರದಿ ಬರುವವರೆಗೆ ಆಕೆಯ ಕೆಲಸವನ್ನು ನೋಡುತ್ತ ಕುಳಿತೆವು. ರೋಮ್‌ನ ದಕ್ಷಿಣಕ್ಕಿರುವ ಲಾತೀನಾ ಪ್ರಾಂತದ ತರಕಾರಿ ಹೊಲಗಳಲ್ಲಿ ದುಡಿಯುವ ಪಂಜಾಬಿನ ಯುವಕನೊಬ್ಬ, ಮಾಲೀಕ ಕೂಲಿ ಕೊಟ್ಟಿಲ್ಲವೆಂದು ಅಳುತ್ತಿದ್ದ. ಕೇರಳದ ಧರ್ಮಭಗಿನಿಯೊಬ್ಬರ ಪಾಸ್‌ಪೋರ್ಟಿನಲ್ಲಿ ಮನೆಯ ಹೆಸರೊಂದು, ಮಠದ ಹೆಸರೊಂದು. ಆಕೆ ಯಾರ ಮೇಲೂ ಸಿಡುಕಲಿಲ್ಲ. ಆದರೆ ಯಾರಿಗೂ ಸುಳ್ಳು ಭರವಸೆಯನ್ನೂ ಕೊಡಲಿಲ್ಲ. ನಮ್ಮ ಕೆಲಸ ಮುಗಿದಾಗ ನಾಲ್ಕು ಗಂಟೆಯ ಸಮೀಪ. ಆಗ ಮೇಜಿನ ಖಾನೆಯಿಂದ ಚಪಾತಿಯ ಡಬ್ಬಿ ತೆಗೆದು, ‘ಕ್ಷಮಿಸಿ ಫಾದರ್, ಇದು ಮಧ್ಯಾಹ್ನದ ಊಟ’ ಎಂದರು.

ಅಂದು ಆಕೆ ಹೇಳಿದ್ದು ನನಗೆ ಇನ್ನೂ ನೆನಪಿದೆ. ಬೆಳಗ್ಗೆ ಎದ್ದೊಡನೆ ಆ ನಾಡಿನ ಪತ್ರಿಕೆಗಳನ್ನು ಆ ನಾಡಿನ ಭಾಷೆಯಲ್ಲೇ ಓದಿ, ನಮ್ಮ ದೇಶಕ್ಕೆ ಸಂಬಂಧಿಸಿದ್ದನ್ನು ಬರೆದು ದಿಲ್ಲಿಗೆ ಕಳಿಸಬೇಕು. ಹಗಲೆಲ್ಲ ಇಂತಹ ಕೆಲಸ. ಸಂಜೆ ಯಾವುದೋ ದೇಶದ ರಾಷ್ಟ್ರೀಯ ದಿನದ ಸತ್ಕಾರಕೂಟದಲ್ಲಿ ರೇಷ್ಮೆ ಸೀರೆಯುಟ್ಟು ಎರಡು ಮೂರು ಗಂಟೆ ನಿಂತು, ಯಾರು ಏನೆಂದರೆಂಬುದನ್ನು ತಲೆಯಲ್ಲಿಟ್ಟುಕೊಂಡು ಮರುದಿನ ಬರೆದಿಡಬೇಕು. ‘ನಾನು ದಿನಾ ಔತಣ ಉಣ್ಣುತ್ತೇನೆಂದು ಮನೆಯವರ ಎಣಿಕೆ. ಕೋಣೆಗೆ ಮರಳಿ ಅನ್ನಕ್ಕೆ ಮೊಸರು ಕಲಸಿಕೊಂಡು ಮಲಗುತ್ತೇನೆ’ ಎಂದು ನಕ್ಕರು. ಭಾನುವಾರ ಫೋನ್ ಕಾರ್ಡ್ ಕೊಂಡು ತಾಯಿಯೊಡನೆ ಮಾತು. ಮೂರು ವರ್ಷಗಳಾಗುತ್ತಲೇ ಇನ್ನೊಂದು ದೇಶ, ಇನ್ನೊಂದು ಮನೆ, ಹೊಸದಾಗಿ ಗೆಳೆತನ. ನಮ್ಮ ವರ್ಗಾವಣೆಯೂ ಹಾಗೆಯೇ ಅಲ್ಲವೇ ಎಂದು ನಾನು ಅಂದೆ. ಆದರೆ ಹೊಸ ಧರ್ಮಕೇಂದ್ರದಲ್ಲಿ ನಮಗಾಗಿ ಒಂದು ಮನೆ ಕಾದಿರುತ್ತದೆ, ಒಂದು ಸಭೆಯೇ ಕಾದಿರುತ್ತದೆ. ಆಕೆ ಎಲ್ಲವನ್ನೂ ಒಂಟಿಯಾಗಿ ಮೊದಲಿನಿಂದ ಕಟ್ಟಿಕೊಳ್ಳಬೇಕು. ಆ ಹೋಲಿಕೆ ಅಷ್ಟು ಸರಿಯಲ್ಲವೆಂದು ಹಿಂದಿರುಗುವಾಗ ಅನ್ನಿಸಿತು.

2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ನಮ್ಮ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ದಾಳಿಗೆ ಬಲಿಯಾದುದನ್ನು ಯಾರೂ ಮರೆತಿಲ್ಲ. ಅವನ ಪಾರ್ಥಿವ ಶರೀರ ಬೆಂಗಳೂರು ತಲುಪಿದ್ದು ಮಾರ್ಚ್ 21ರಂದು. ನಡುವಿನ ಆ ದಿನಗಳಲ್ಲಿ ಗುಂಡಿನ ಸದ್ದಿನ ನಡುವೆ ಕಾಗದಪತ್ರಗಳ ಹಿಂದೆ ಓಡಾಡಿದವರ ಹೆಸರುಗಳು ಪತ್ರಿಕೆಯಲ್ಲಿ ಬರುವುದಿಲ್ಲ. ಹುಡುಗಿ ಬಯಸಿದ್ದು ಆ ಹೆಸರಿಲ್ಲದ ಕೆಲಸವನ್ನು.

ಇಷ್ಟೆಲ್ಲ ಹೇಳಿದರೂ ತಾಯಿಯ ಪ್ರಶ್ನೆ ಹಾಗೆಯೇ ಉಳಿದಿತ್ತು: ಹೆಣ್ಣು ಹೋಗಬಹುದೇ? ಆಗ ನಾನು ಅವರಿಗೆ ಕೊಡಗಿನ ಸಿ.ಬಿ. ಮುತ್ತಮ್ಮನವರ ಕಥೆಯನ್ನು ಹೇಳಿದೆ. 1924ರಲ್ಲಿ ವಿರಾಜಪೇಟೆಯಲ್ಲಿ ಹುಟ್ಟಿದವರು. ಅರಣ್ಯಾಧಿಕಾರಿಯಾಗಿದ್ದ ತಂದೆ ತೀರಿಕೊಂಡಾಗ ಅವರಿಗೆ ಒಂಬತ್ತು ವರ್ಷ. ವಿಧವೆ ತಾಯಿ ನಾಲ್ವರು ಮಕ್ಕಳನ್ನೂ ಓದಿಸಿಯೇ ಓದಿಸುತ್ತೇನೆಂದು ನಿಂತರು. ಮಡಿಕೇರಿಯ ಸಂತ ಜೋಸೆಫರ ಕನ್ಯಾಶಾಲೆ, ಮದರಾಸಿನ ಮಹಿಳಾ ಕ್ರೈಸ್ತ ಕಾಲೇಜು, ಪ್ರೆಸಿಡೆನ್ಸಿ ಕಾಲೇಜುಗಳಲ್ಲಿ ಕಲಿತು, ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ಗೆದ್ದು, 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆಯಾದರು. ಸಂದರ್ಶನ ಮಾಡಿದ ಹಿರಿಯರೇ ಇದು ಹೆಂಗಸರಿಗೆ ತಕ್ಕ ಸೇವೆಯಲ್ಲವೆಂದು ಅವರ ಮನಸ್ಸು ತಿರುಗಿಸಲು ನೋಡಿದ್ದರು. ಸೇರುವಾಗ, ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಬರೆಸಿಕೊಂಡರು. ಮೊದಲ ನೇಮಕ ಪ್ಯಾರಿಸ್‌ನಲ್ಲಿ. 1970ರಲ್ಲಿ ಹಂಗೇರಿಗೆ ರಾಯಭಾರಿ; ಬಳಿಕ ಘಾನಾ; ಕೊನೆಗೆ ನೆದರ್ಲೆಂಡ್ಸ್.

ಕಿರಿಯರಿಗೆ ಬಡ್ತಿ ಕೊಟ್ಟು ತಮ್ಮನ್ನು ಬಿಟ್ಟಾಗ ಅವರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 1961ರ ಸೇವಾ ನಿಯಮಗಳಲ್ಲಿ ಎರಡು ವಿಚಿತ್ರ ವಿಧಿಗಳಿದ್ದವು. ಮಹಿಳಾ ಅಧಿಕಾರಿ ಮದುವೆಗೆ ಮುಂಚೆ ಸರಕಾರದ ಲಿಖಿತ ಅನುಮತಿ ಪಡೆಯಬೇಕು, ಸಂಸಾರದಿಂದ ಕೆಲಸಕ್ಕೆ ಅಡ್ಡಿಯೆಂದು ಕಂಡರೆ ಸರಕಾರ ಆಕೆಯ ರಾಜೀನಾಮೆ ಕೇಳಬಹುದು ಎಂಬುದು ಒಂದು. ವಿವಾಹಿತ ಸ್ತ್ರೀಗೆ ಈ ಸೇವೆಗೆ ನೇಮಕವಾಗುವ ಹಕ್ಕೇ ಇಲ್ಲ ಎಂಬುದು ಇನ್ನೊಂದು. 1979ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು, ಸಂಸಾರದ ತಾಪತ್ರಯ ಗಂಡಸಿಗೂ ಇರುವುದಿಲ್ಲವೇ ಎಂದು ಕೇಳಿ, ಇದು ಸ್ತ್ರೀಯರ ವಿರುದ್ಧದ ಭೇದಭಾವವೆಂದು ಸ್ಪಷ್ಟವಾಗಿ ಬರೆದರು. ಎರಡನೆಯ ವಿಧಿಯನ್ನು ಸರಕಾರ 1973ರಲ್ಲೇ ತೆಗೆದಿತ್ತು. ಮೊದಲನೆಯದನ್ನೂ ತೆಗೆಯುತ್ತಿರುವುದಾಗಿ ನ್ಯಾಯಾಲಯಕ್ಕೆ ತಿಳಿಸಿತು. ಅಷ್ಟರಲ್ಲಿ ಮುತ್ತಮ್ಮನವರಿಗೆ ಬಡ್ತಿಯೂ ಸಿಕ್ಕಿತ್ತು. ಅರ್ಜಿ ವಜಾ ಆಯಿತು, ಆದರೆ ಅವರ ಹಿರಿತನವನ್ನು ಮರುಪರಿಶೀಲಿಸುವಂತೆ ನ್ಯಾಯಾಲಯ ಹೇಳಿತು. ಅವರು 1982ರಲ್ಲಿ ನಿವೃತ್ತರಾಗಿ, 2009ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ದಿಲ್ಲಿಯಲ್ಲಿದ್ದ ತಮ್ಮ 15 ಎಕರೆ ಭೂಮಿಯನ್ನು ಮದರ್ ತೆರೆಸಾ ಅವರ ಧರ್ಮಭಗಿನಿಯರ ಅನಾಥಾಲಯಕ್ಕೆ ಕೊಟ್ಟಿದ್ದರೆಂಬುದನ್ನು ನಮ್ಮ ಜನ ಅರಿತಿರುವುದು ಕಡಿಮೆ.

ಅವರು ಮದುವೆಯಾಗಲಿಲ್ಲ. ಈ ಸಂಗತಿ ನನ್ನನ್ನು ಬಹಳ ಸಲ ಚಿಂತೆಗೆ ಹಚ್ಚಿದೆ. ನಾನೂ ಮದುವೆಯಾಗದವನು. ಆದರೆ ಗುರುಮಠದಲ್ಲಿ ವರ್ಷಗಟ್ಟಲೆ ಓದಿ, ಪ್ರಾರ್ಥಿಸಿ, ಹಿರಿಯ ಗುರುಗಳೊಡನೆ ಚರ್ಚಿಸಿ, ಬೇಡವೆಂದರೆ ಇಂದೇ ಮನೆಗೆ ಹೋಗಬಹುದೆಂಬ ಸ್ವಾತಂತ್ರ್ಯದಲ್ಲಿ ನಾನು ಬ್ರಹ್ಮಚರ್ಯದ ವಾಗ್ದಾನವನ್ನು ಮಾಡಿದೆ. ಆದುದರಿಂದಲೇ ಅದು ಕಾಣಿಕೆ. ಅವರಿಂದ ಬರೆಸಿಕೊಂಡದ್ದು ಕಾಣಿಕೆಯಲ್ಲ, ಸುಂಕ. ಪಕ್ಕದ ಮೇಜಿನ ತರುಣನಿಂದ ಯಾರೂ ಕೇಳದ ಸುಂಕ. ನಾವು ಬಲಿಪೀಠದ ಮುಂದೆ ತ್ಯಾಗವೆಂಬ ಪದವನ್ನು ಬಳಸುವಾಗ, ವಿಶೇಷವಾಗಿ ಹೆಣ್ಣುಮಕ್ಕಳಿಗೆ ಬೋಧಿಸುವಾಗ, ಈ ವ್ಯತ್ಯಾಸವನ್ನು ಎಷ್ಟು ಮರೆತಿದ್ದೇವೆ! ನನ್ನ ಹಳೆಯ ಪ್ರಬೋಧನೆಗಳ ಟಿಪ್ಪಣಿಗಳನ್ನು ತೆರೆದು ನೋಡಲು ನನಗೇ ಧೈರ್ಯ ಸಾಲದು.

‘ಹಂಗಾರ ಇಕಿನೂ ಲಗ್ನ ಆಗೂಹಾಂಗಿಲ್ಲೇನ್ರಿ?’ ಎಂದು ತಾಯಿ ಗಾಬರಿಗೊಂಡರು. ಇಲ್ಲವೆಂದೆ, ಆ ಕಾಲ ಕಳೆಯಿತು. ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಕಾರ್ಮೆಲ್ ಸಭೆಯ ಧರ್ಮಭಗಿನಿಯರ ಬಳಿ ಓದಿದ ನಿರುಪಮಾ ರಾವ್ ಅವರು 1973ರಲ್ಲಿ ಈ ಸೇವೆಗೆ ಸೇರಿ, 2006ರಲ್ಲಿ ಚೀನಾಕ್ಕೆ ನಮ್ಮ ಮೊದಲ ಮಹಿಳಾ ರಾಯಭಾರಿಯಾದರು, 2009ರಲ್ಲಿ ವಿದೇಶಾಂಗ ಕಾರ್ಯದರ್ಶಿಯಾದರು. ಅವರ ಪತಿ ಕರ್ನಾಟಕ ಸರಕಾರದ ಮುಖ್ಯ ಕಾರ್ಯದರ್ಶಿಯಾಗಿದ್ದವರು, ಇಬ್ಬರು ಗಂಡುಮಕ್ಕಳು. ಸಂಸಾರ ಸುಲಭವಾಗಿತ್ತೆಂದು ನಾನು ಹೇಳಲಾರೆ, ಆದರೆ ಸಂಸಾರವಿತ್ತು.

ಅಷ್ಟೇಕೆ, ನಮ್ಮ ಊರಿನ ಚಾಂದ ಬಾವಡಿ ಯಾರ ಹೆಸರಿನದು? ಒಂದನೇ ಅಲಿ ಆದಿಲಶಾಹನ ರಾಣಿ ಚಾಂದಬೀಬಿ, ಗಂಡ ಸತ್ತ ಮೇಲೆ ಬಾಲಕ ಸುಲ್ತಾನನ ಪರವಾಗಿ ಇಲ್ಲಿ ಆಡಳಿತ ನಡೆಸಿದವಳು. ತವರೂರಾದ ಅಹಮದನಗರವನ್ನು ಮೊಗಲರು ಮುತ್ತಿದಾಗ ಕೋಟೆ ಕಾದು, 1596ರಲ್ಲಿ ರಾಜಕುಮಾರ ಮುರಾದನೊಡನೆ ಬೀರಾರ್ ಪ್ರಾಂತವನ್ನು ಬಿಟ್ಟುಕೊಟ್ಟು ಸಂಧಿ ಮಾಡಿಕೊಂಡಳು. ಅದಕ್ಕೂ ಬಹಳ ಹಿಂದೆ, ಸಂತ ಪೌಲರು ರೋಮಿನವರಿಗೆ ಬರೆದ ಪತ್ರದ ಕೊನೆಯಲ್ಲಿ, ಕೆಂಖ್ರೆಯದ ಸಭೆಯ ಸೇವಕಿ ಫೀಬೆಯನ್ನು ಆದರದಿಂದ ಬರಮಾಡಿಕೊಳ್ಳಿರೆಂದು ಕೇಳಿಕೊಳ್ಳುತ್ತಾರೆ. ಆ ಪತ್ರವನ್ನು ಹೊತ್ತು ಸಮುದ್ರ ದಾಟಿದವಳು ಅವಳೇ ಎಂಬುದು ಬೈಬಲ್ ಪಂಡಿತರ ಸಾಮಾನ್ಯ ಅಭಿಪ್ರಾಯ. ‘ಒಬ್ಬಾಕೇ ಹ್ಯಾಂಗ ಹೋಗ್ತಾಳ’ ಎಂದು ಅವಳ ತಾಯಿಯೂ ಕೇಳಿರಬೇಕು.

ಎಲ್ಲವನ್ನೂ ಬಣ್ಣಗಟ್ಟಿ ಹೇಳಿದೆನೆಂದು ಯಾರೂ ತಿಳಿಯಬಾರದು. ಲಕ್ಷಾಂತರ ಮಂದಿ ಕೂರುವ ಪರೀಕ್ಷೆಯಿಂದ ವರ್ಷಕ್ಕೆ ವಿದೇಶಾಂಗ ಸೇವೆಗೆ ಹೋಗುವವರು ಕೆಲವೇ ಹತ್ತಾರು ಮಂದಿಯೆಂದು ಹುಡುಗಿಗೆ ನೇರವಾಗಿ ಹೇಳಿದೆ. ‘ಗೊತ್ತದ ಫಾದರ್’ ಎಂದಳು. ಆಗದಿದ್ದರೆ? ‘ಆಗ ಬಿ.ಎಡ್. ಮಾಡ್ತೀನ್ರಿ’ ಎಂದಳು. ಅವಳಿಗೆ ನನ್ನ ಹಳೆಯ ಕಥೆ ತಿಳಿದಿರಲಿಲ್ಲ. ಆದರೂ ನಾನು ತಲೆ ತಗ್ಗಿಸಿದೆ.

ತಂದೆ ಅಂದು ಏನನ್ನೂ ಒಪ್ಪಿಕೊಳ್ಳಲಿಲ್ಲ. ಹೊರಡುವಾಗ ಒಂದೇ ಮಾತು ಕೇಳಿದರು: ‘ಆ ಮುತ್ತಮ್ಮನವರ ತಾಯಿಗೆ ಹೊಲ ಮನಿ ಇತ್ತೇನ್ರಿ?’ ಗಂಡ ಸತ್ತ ಮೇಲೆ ನಾಲ್ಕು ಮಕ್ಕಳನ್ನು ಓದಿಸಿದ ಹೆಂಗಸೆಂದಷ್ಟೇ ಹೇಳಿದೆ. ಹೂಂ ಎಂದು ತಾಯಿಮಗಳನ್ನು ಕರೆದುಕೊಂಡು ಜಾತ್ರೆಯ ಜನರೊಳಗೆ ಹೋದರು.

ಮೂರು ವಾರಗಳ ನಂತರ, ಬೆಳಗಿನ ಬಲಿಪೂಜೆ ಮುಗಿಸಿ ಬಂದಾಗ ಅವರ ಫೋನು. ಹಿಂದೆ ದ್ರಾಕ್ಷಿ ಕೊಯ್ಯುವ ಹೆಣ್ಣಾಳುಗಳ ಮಾತು ಕೇಳಿಸುತ್ತಿತ್ತು. ಗಂಡಿನ ಕಡೆಯವರಿಗೆ ಒಂದು ವರ್ಷ ತಡೆಯಿರಿ ಎಂದು ಹೇಳಿಕಳಿಸಿದ್ದರಂತೆ. ಅವರು ಇನ್ನೂ ಉತ್ತರ ಕೊಟ್ಟಿರಲಿಲ್ಲ. ‘ಕೊಟ್ಟರ ಕೊಡವಲ್ರು’ ಎಂದು, ಸ್ವಲ್ಪ ತಡೆದು, ‘ಬೆಂಗಳೂರಾಗ ಸಿಸ್ಟರ್ಸ್ ನಡೆಸೂ ಹಾಸ್ಟೆಲ್ ಅದಾವೇನ್ರಿ ಫಾದರ್? ತಿಂಗಳಿಗೆ ಎಷ್ಟ್ ತಗೋತಾರ?’ ಎಂದು ಕೇಳಿದರು. ವಿಚಾರಿಸಿ ಸಂಜೆ ಹೇಳುತ್ತೇನೆಂದೆ.